ಕೃತ, ಕಾರಿತ, ಅನುಮೋದಿತ: ಸ್ತ್ರೀಹಿಂಸಾನಿವಾರಣೆಯ ಲೋಕಪ್ರಯತ್ನವೂ ಕೊಪಣಸೀಮೆಯೂ

೧

ಸ್ತ್ರೀಯರ ಮೇಲೂ ಬಾಲಿಕೆಯರ ಮೇಲೂ ನಡೆಯುವ ಹಿಂಸೆಯನ್ನು ತಡೆಯುವುದಕ್ಕಾಗಿ ಲೋಕದ ರಾಷ್ಟ್ರಗಳು ಒಟ್ಟುಗೂಡಿ ಮಾಡಿಕೊಂಡಿರುವ ಘೋಷಣೆಗಳನ್ನೂ ಒಡಂಬಡಿಕೆಗಳನ್ನೂ ಕನ್ನಡದಲ್ಲಿ ಹೇಳುವಾಗ ನಾವು ಎರಡು ಪದಗಳನ್ನು ಪ್ರಯೋಗಿಸುತ್ತೇವೆ. 'ದೌರ್ಜನ್ಯ'ವೆಂಬುದೊಂದು, 'ಹಿಂಸೆ' ಎಂಬುದು ಮತ್ತೊಂದು. ಸಂಸಾರದೊಳಗೆ ಸ್ತ್ರೀಯರ ಸಂರಕ್ಷಣೆಗಾಗಿ ಭಾರತದ ಸಂಸತ್ತು ೨೦೦೫ರಲ್ಲಿ ಮಾಡಿದ ಶಾಸನವನ್ನು ಕೆಲವರು 'ಕೌಟುಂಬಿಕ ದೌರ್ಜನ್ಯ'ದ ಶಾಸನವೆಂದೂ ಕೆಲವರು 'ಕೌಟುಂಬಿಕ ಹಿಂಸೆ'ಯ ಶಾಸನವೆಂದೂ ಹೇಳುವುದುಂಟು. ವೃತ್ತಪತ್ರಿಕೆಗಳಲ್ಲಿ ಮೊದಲನೆಯ ಪದಕ್ಕೇ ಬಳಕೆ ಹೆಚ್ಚು. ಇವೆರಡೂ ಪರ್ಯಾಯಪದಗಳೆಂದು ಎಣಿಸಿ ಸುಮ್ಮನಿರಬಹುದೆ?

ಇರಲಾಗದೆಂದು ತೋರುತ್ತದೆ. 'ದೌರ್ಜನ್ಯ'ವೆಂದರೆ ದುರ್ಜನನ ಭಾವ ಅಥವಾ ಕರ್ಮ. ಆ ಪದವು ಕೇಳಿದೊಡನೆ ನಮ್ಮ ಬುದ್ಧಿಯನ್ನು ಮಾಡುವವನ ಸ್ವಭಾವದ ಕಡೆಗೆ ಸೆಳೆಯುತ್ತದೆ. ಎಲ್ಲಿಯೋ ಒಬ್ಬ ದುರ್ಜನನಿರಬೇಕು. ಅವನನ್ನು ಹಿಡಿದು ದಂಡಿಸಿದರೆ ಕಾರ್ಯ ಮುಗಿಯಿತು. ನಾವಾದರೋ ಸಜ್ಜನರು, ನಮಗೂ ಅದಕ್ಕೂ ಸಂಬಂಧವಿಲ್ಲ. ಈ ಅರ್ಥಚ್ಛಾಯೆಯಿಂದ ಆ ಪದವನ್ನು ಬಿಡಿಸುವುದು ಕಷ್ಟ. 'ಹಿಂಸೆ'ಯಾದರೋ ಕ್ರಿಯೆಯನ್ನು ಹೇಳುವ ಪದ. ಅದನ್ನು ಯಾರು ಮಾಡಿದರೆಂಬುದು ಆಮೇಲಿನ ವಿಚಾರ. ಸಜ್ಜನನಿಂದಲೂ ಹಿಂಸೆ ನಡೆಯಬಹುದು. ತಂದೆಯಿಂದ, ತಾಯಿಯಿಂದ, ಪುರೋಹಿತನಿಂದ, ಊರಿನ ಹಿರಿಯರಿಂದ ನಡೆಯಬಹುದು. ಧರ್ಮವೆಂಬ ನಂಬಿಕೆಯಿಂದಲೇ ನಡೆಯಬಹುದು. ಲೋಕದ ರಾಷ್ಟ್ರಗಳು ಬಹುಕಾಲದ ಚರ್ಚೆಯ ತರುವಾಯ ಕಂಡುಕೊಂಡ ತತ್ತ್ವವೂ ಇದೇ ಎಂಬುದನ್ನೂ, ಅದನ್ನು ಗ್ರಹಿಸುವುದಕ್ಕೆ ಬೇಕಾದ ಪರಿಭಾಷೆ ನಮ್ಮ ಶಾಸ್ತ್ರಗಳಲ್ಲಿ ಮೊದಲಿನಿಂದಲೂ ಇರುವುದೆಂಬುದನ್ನೂ ಕೊಪ್ಪಳ ಸೀಮೆಯ ಗಿಣಿಗೇರಾ ಪ್ರಾಂತದ ಎರಡು ವಿಷಯಗಳನ್ನು ಮುಂದಿಟ್ಟುಕೊಂಡು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಲೋಕಪ್ರಯತ್ನದ ಇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ಸ್ತ್ರೀಯರನ್ನು ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಸಾಗಿಸಿ ಮಾರುವ ವ್ಯಾಪಾರವನ್ನು ತಡೆಯಲು ೧೯೦೪ರಲ್ಲಿಯೂ ೧೯೧೦ರಲ್ಲಿಯೂ ಯೂರೋಪಿನ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಲೀಗ್ ಆಫ್ ನೇಷನ್ಸ್ ಎಂಬ ಹಿಂದಿನ ರಾಷ್ಟ್ರಸಂಘದ ಆಶ್ರಯದಲ್ಲಿ ೧೯೨೧ರಲ್ಲಿ ಇದೇ ವಿಷಯವಾಗಿ ಇನ್ನೊಂದು ಒಡಂಬಡಿಕೆಯಾಯಿತು; ಅದು ಸ್ತ್ರೀಯರೊಡನೆ ಮಕ್ಕಳನ್ನೂ ಸೇರಿಸಿಕೊಂಡಿತು. ವಿಶ್ವಸಂಸ್ಥೆಯು ಏರ್ಪಟ್ಟ ಮೇಲೆ ೧೯೪೯ರಲ್ಲಿ ಈ ಹಳೆಯವುಗಳನ್ನೆಲ್ಲ ಕೂಡಿಸಿ ಹೊಸದೊಂದನ್ನು ರಚಿಸಿದರು. ಈ ಘಟ್ಟದಲ್ಲಿ ಲೋಕಕ್ಕೆ ಕಾಣುತ್ತಿದ್ದುದು ದುರ್ಜನನೊಬ್ಬನೇ. ಹೆಣ್ಣನ್ನು ಕದ್ದು ಮಾರುವ ದಲ್ಲಾಳಿಯನ್ನು ಹಿಡಿಯುವುದಷ್ಟೇ ಅಂದಿನ ಗುರಿ.

೧೯೪೮ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ರಚನೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹತಾ ಅವರು, ಮೊದಲನೆಯ ವಿಧಿಯಲ್ಲಿ ಪುರುಷವಾಚಕವಾಗಿದ್ದ ಶಬ್ದವನ್ನು ತೆಗೆಯಿಸಿ ಮಾನವಜೀವಿಗಳೆಲ್ಲರನ್ನೂ ಹೇಳುವ ಶಬ್ದವನ್ನು ಇಡಿಸಿದ ಸಂಗತಿ ಪ್ರಸಿದ್ಧವಾಗಿದೆ. ಶಬ್ದವೊಂದನ್ನು ಬದಲಿಸಿದ ಮಾತ್ರಕ್ಕೆ ಏನಾದೀತೆಂದು ಕೇಳುವವರಿಗೆ ಇದು ಉತ್ತರವಾಗಬಲ್ಲುದು.

೧೯೭೯ರ ಡಿಸೆಂಬರ್ ೧೮ರಂದು ಸ್ತ್ರೀಯರ ವಿಷಯದ ಸಕಲವಿಧ ತಾರತಮ್ಯಗಳ ನಿರ್ಮೂಲನಕ್ಕಾಗಿ ಒಡಂಬಡಿಕೆಯು ಅಂಗೀಕೃತವಾಗಿ ೧೯೮೧ರಲ್ಲಿ ಜಾರಿಗೆ ಬಂದಿತು. ವಿದ್ಯೆ, ಉದ್ಯೋಗ, ವಿವಾಹ, ಆರೋಗ್ಯ ಮುಂತಾದುವನ್ನೆಲ್ಲ ವಿಸ್ತಾರವಾಗಿ ಹೇಳುವ ಆ ಒಡಂಬಡಿಕೆಯಲ್ಲಿ ಹಿಂಸೆಗೆಂದು ಪ್ರತ್ಯೇಕವಾದ ವಿಧಿಯಿಲ್ಲವೆಂಬುದು ಗಮನಾರ್ಹ. ಆ ಕೊರತೆಯನ್ನು ೧೯೯೨ರಲ್ಲಿ ಒಡಂಬಡಿಕೆಯ ಮೇಲ್ವಿಚಾರಣೆಯ ಸಮಿತಿಯು ತನ್ನ ಹತ್ತೊಂಬತ್ತನೆಯ ಸಾಮಾನ್ಯ ಶಿಫಾರಸಿನಲ್ಲಿ ತುಂಬಿತು. ಸ್ತ್ರೀಯಾದ ಕಾರಣಕ್ಕೆ ಸ್ತ್ರೀಯ ಮೇಲೆ ನಡೆಯುವ ಹಿಂಸೆಯು ತಾರತಮ್ಯದ ಒಂದು ರೂಪವೇ ಎಂಬುದು ಅದರ ತಾತ್ಪರ್ಯ. ೧೯೯೩ರ ಜೂನ್ ತಿಂಗಳಲ್ಲಿ ವಿಯೆನ್ನಾ ನಗರದ ಮಹಾಸಮ್ಮೇಳನವು ಸ್ತ್ರೀಯರ ಹಕ್ಕುಗಳು ಮಾನವ ಹಕ್ಕುಗಳಿಂದ ಬೇರ್ಪಡಿಸಲಾಗದ ಭಾಗವೆಂದು ಸಾರಿತು. ಅದೇ ವರ್ಷದ ಡಿಸೆಂಬರ್ ೨೦ರಂದು ವಿಶ್ವಸಂಸ್ಥೆಯ ಮಹಾಸಭೆಯು ಸ್ತ್ರೀಹಿಂಸಾನಿರ್ಮೂಲನದ ಘೋಷಣೆಯನ್ನು ಅಂಗೀಕರಿಸಿತು. ಮರುವರ್ಷ ಈ ವಿಷಯಕ್ಕೆಂದೇ ವಿಶೇಷ ವರದಿಗಾರರ ಪದವಿಯೊಂದು ಸ್ಥಾಪಿತವಾಗಿ, ಸಿಂಹಳದ ರಾಧಿಕಾ ಕುಮಾರಸ್ವಾಮಿಯವರು ಅದಕ್ಕೆ ಮೊದಲಿಗರಾಗಿ ನಿಯುಕ್ತರಾದರು. ೧೯೯೫ರಲ್ಲಿ ಬೀಜಿಂಗ್ ಸಮ್ಮೇಳನ ನಡೆಯಿತು. ಡೊಮಿನಿಕನ್ ಗಣರಾಜ್ಯದಲ್ಲಿ ೧೯೬೦ರ ನವೆಂಬರ್ ೨೫ರಂದು ಹತರಾದ ಮಿರಬಾಲ್ ಸೋದರಿಯರ ಸ್ಮರಣೆಯ ಆ ದಿನವನ್ನು ೧೯೯೯ರಲ್ಲಿ ಸ್ತ್ರೀಹಿಂಸಾನಿರ್ಮೂಲನದ ಅಂತರರಾಷ್ಟ್ರೀಯ ದಿನವೆಂದು ಗೊತ್ತುಪಡಿಸಿದರು. ೨೦೧೫ರ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ಐದನೆಯದು ಈ ಹಿಂಸೆಯನ್ನೂ ಬಾಲ್ಯವಿವಾಹವನ್ನೂ ಹೆಸರೆತ್ತಿ ಹೇಳುತ್ತದೆ. ಲೋಕದ ಸ್ತ್ರೀಯರಲ್ಲಿ ಸುಮಾರು ಮೂವರಲ್ಲಿ ಒಬ್ಬಳು ತನ್ನ ಜೀವಿತದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾಗುವಳೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಅಂದಾಜು. ಮೂವರಲ್ಲಿ ಒಬ್ಬಳೆಂದ ಮೇಲೆ, ಇದು ಕೆಲವೇ ದುರ್ಜನರ ಕೃತ್ಯವೆಂಬ ವಾದ ನಿಲ್ಲಲಾರದು.

೩

ಮೇಲೆ ಹೇಳಿದ ೧೯೯೩ರ ಘೋಷಣೆಯು ಹಿಂಸೆಗೆ ಕೊಡುವ ಲಕ್ಷಣವನ್ನು ವಿಭಾಗಿಸಿ ನೋಡಿದರೆ ನಾಲ್ಕು ಅಂಶಗಳು ದೊರೆಯುತ್ತವೆ. ಶರೀರಕ್ಕಾಗಲಿ ಲೈಂಗಿಕವಾಗಿಯಾಗಲಿ ಮನಸ್ಸಿಗಾಗಲಿ ಹಾನಿಯನ್ನುಂಟುಮಾಡುವ, ಅಥವಾ ಉಂಟುಮಾಡುವ ಸಂಭವವುಳ್ಳ ಕ್ರಿಯೆ ಮೊದಲನೆಯದು. ಅಂಥ ಕ್ರಿಯೆಯ ಬೆದರಿಕೆ ಎರಡನೆಯದು. ಬಲಾತ್ಕಾರ ಹಾಗೂ ಸ್ವಾತಂತ್ರ್ಯಹರಣ ಮೂರನೆಯದು. ಇದು ಮನೆಯೊಳಗೆ ನಡೆದರೂ ಹೊರಗೆ ನಡೆದರೂ ಒಂದೇ ಎಂಬುದು ನಾಲ್ಕನೆಯದು. ಮುಂದಿನ ವಿಧಿಯಲ್ಲಿ ಹಿಂಸೆಯ ಸ್ಥಾನಗಳನ್ನು ಕುಟುಂಬ, ಸಮಾಜ, ರಾಜ್ಯ ಎಂದು ಮೂರಾಗಿ ಎಣಿಸಿ, ರಾಜ್ಯವು ತಾನೇ ನಡೆಸಿದ ಹಿಂಸೆಯನ್ನೂ ಕಂಡೂ ಸಹಿಸಿದ ಹಿಂಸೆಯನ್ನೂ ಒಂದೇ ಸಾಲಿನಲ್ಲಿರಿಸಿದೆ. ನಾಲ್ಕನೆಯ ವಿಧಿಯು ರೂಢಿ, ಸಂಪ್ರದಾಯ, ಧರ್ಮ ಇವುಗಳ ನೆಪವನ್ನೊಡ್ಡಿ ಯಾವ ರಾಜ್ಯವೂ ತನ್ನ ಕರ್ತವ್ಯದಿಂದ ಜಾರಕೂಡದೆಂದು ವಿಧಿಸುತ್ತದೆ.

ಈಗ ನಮ್ಮ ಶಾಸ್ತ್ರದ ಕಡೆಗೆ ತಿರುಗೋಣ. ಪಾತಂಜಲ ಯೋಗಸೂತ್ರದ ದ್ವಿತೀಯ ಪಾದದಲ್ಲಿ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ವಿಭಾಗಿಸಿದೆ. ತಾನೇ ಮಾಡಿದ್ದು ಕೃತ. ಇತರರಿಂದ ಮಾಡಿಸಿದ್ದು ಕಾರಿತ. ಮಾಡಿದ್ದನ್ನು ಒಳ್ಳೆಯದೆಂದೊಪ್ಪಿದ್ದು ಅನುಮೋದಿತ. ಇವು ಮೂರೂ ಲೋಭದಿಂದ, ಕ್ರೋಧದಿಂದ, ಮೋಹದಿಂದ ಹುಟ್ಟಬಹುದಾದ್ದರಿಂದ ಒಂಬತ್ತಾಗುತ್ತವೆ. ಮೃದು, ಮಧ್ಯ, ಅಧಿಮಾತ್ರವೆಂಬ ಭೇದದಿಂದ ೨೭ ಆಗುತ್ತವೆ. ಭಾಷ್ಯಕಾರರು ಇನ್ನೂ ಒಳಭೇದಗಳನ್ನು ತೆಗೆದು ೮೧ಕ್ಕೆ ತಂದಿದ್ದಾರೆ. ಭಾಷ್ಯವು ಮೋಹಪೂರ್ವಕವಾದ ಹಿಂಸೆಗೆ ಕೊಡುವ ವಿವರಣೆಯು ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತ. ಇದರಿಂದ ತನಗೆ ಪುಣ್ಯ ಬರುವುದೆಂಬ ಭ್ರಾಂತಿಯಿಂದ ಮಾಡುವ ಹಿಂಸೆಯೇ ಅದು. ಹಾಗೆ ನಂಬಿ ಮಾಡುವವನು ದುರ್ಜನನಲ್ಲ. ಆದರೂ ಅದು ಹಿಂಸೆಯೇ.

ಜೈನಾಗಮವೂ ಈ ವಿಭಾಗವನ್ನೇ ಹಿಡಿದಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರನ್ನು ಮನೋವಾಕ್ಕಾಯಗಳೊಡನೆಯೂ, ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಅವಸ್ಥೆಗಳೊಡನೆಯೂ, ನಾಲ್ಕು ಕಷಾಯಗಳೊಡನೆಯೂ ಗುಣಿಸಿ ೧೦೮ ಭೇದಗಳನ್ನು ಎಣಿಸುತ್ತಾರೆ. ಅದೇ ಗ್ರಂಥವು ಹಿಂಸೆಯ ಲಕ್ಷಣದೊಳಗೇ 'ಪ್ರಮಾದ'ವನ್ನು, ಎಂದರೆ ಎಚ್ಚರಗೇಡಿತನವನ್ನು ಸೇರಿಸಿದೆ. ಗಿಣಿಗೇರಾದ ನೆರೆಯ ಕೊಪ್ಪಳವೇ ಪ್ರಾಚೀನ ಕೊಪಣ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಗರಗಳಲ್ಲೊಂದು, ಜೈನರ ಮಹಾತೀರ್ಥ. ಹಿಂಸೆಯ ಸೂಕ್ಷ್ಮವಿಭಾಗವನ್ನು ಶತಮಾನಗಳ ಕಾಲ ಅಭ್ಯಾಸ ಮಾಡಿದ ನೆಲ ಅದು. ಆದ್ದರಿಂದ ಅಂತರರಾಷ್ಟ್ರೀಯ ಘೋಷಣೆಯ ವಿಚಾರವನ್ನು ಆ ನೆಲದವರಿಗೆ ಪರದೇಶದ ಸರಕೆಂದು ಹೇಳಿಕೊಡಬೇಕಾದ ಅಗತ್ಯವಿಲ್ಲ.

೪

ಮೊದಲನೆಯ ಉದಾಹರಣೆಯಾಗಿ ದೇವದಾಸೀಪದ್ಧತಿಯನ್ನು ತೆಗೆದುಕೊಳ್ಳೋಣ. ಗಿಣಿಗೇರಾದಿಂದ ಹೊಸಪೇಟೆಯ ಕಡೆಗೆ ಸ್ವಲ್ಪ ದೂರದಲ್ಲಿ, ತುಂಗಭದ್ರೆಯ ದಡದ ಮೇಲೆ ಹುಲಿಗೆಮ್ಮನ ಕ್ಷೇತ್ರವಾದ ಹುಲಿಗಿ ಇದೆ. ಸವದತ್ತಿಯ ಎಲ್ಲಮ್ಮನಂತೆ ಈ ದೇವಿಯ ಹೆಸರಿನಲ್ಲಿಯೂ ಬಾಲಿಕೆಯರಿಗೆ 'ಮುತ್ತು ಕಟ್ಟಿ' ಬಿಡುವ ರೂಢಿ ಈ ಸೀಮೆಯಲ್ಲಿತ್ತು. ಮನೆಯಲ್ಲಿ ರೋಗ ಬಂದಾಗ ಹೊತ್ತ ಹರಕೆ, ತಲೆಯಲ್ಲಿ ಜಡೆಗಟ್ಟಿದುದು, ಗಂಡುಸಂತಾನವಿಲ್ಲದೆ ಮುಪ್ಪಿನಲ್ಲಿ ನೋಡಿಕೊಳ್ಳುವವರಿಲ್ಲವೆಂಬ ಭಯ, ಇವೆಲ್ಲಕ್ಕೂ ಅಡಿಯಲ್ಲಿ ದಾರಿದ್ರ್ಯ, ಇವು ಕಾರಣಗಳು. ಹೀಗೆ ಬಿಡಲ್ಪಟ್ಟವರಲ್ಲಿ ಬಹುಮಂದಿ ಪರಿಶಿಷ್ಟ ಜಾತಿಗಳ ಹೆಣ್ಣುಮಕ್ಕಳು. ರಾಜ್ಯದ ಗಣತಿಯಲ್ಲಿ ೧೯೯೩-೯೪ರಲ್ಲಿ ೨೨,೮೭೩ ಮಂದಿಯೂ ೨೦೦೭-೦೮ರಲ್ಲಿ ಮತ್ತೆ ೨೩,೭೮೭ ಮಂದಿಯೂ ಗುರುತಿಸಲ್ಪಟ್ಟು ಒಟ್ಟು ೪೬,೬೬೦ ಆಯಿತು. ಕೊಪ್ಪಳವು ಈ ಗಣತಿಯ ಜಿಲ್ಲೆಗಳಲ್ಲೊಂದು.

ವ್ಯಾಕರಣದ ದೃಷ್ಟಿಯಿಂದ ಇಲ್ಲಿಯ ಮಾತುಗಳನ್ನು ಪರೀಕ್ಷಿಸಿದರೆ ಒಂದು ಸಂಗತಿ ಹೊಳೆಯುತ್ತದೆ. 'ಮುತ್ತು ಕಟ್ಟಿದರು', 'ದೇವರಿಗೆ ಬಿಟ್ಟರು', 'ಬಸವಿ ಬಿಟ್ಟರು' ಎಂಬ ವಾಕ್ಯಗಳಲ್ಲಿ ಬಾಲಿಕೆಯು ಒಮ್ಮೆಯೂ ಕರ್ತೃವಲ್ಲ. ಯಾವಾಗಲೂ ಕಟ್ಟಿಸಿಕೊಳ್ಳುವವಳು, ಬಿಡಲ್ಪಡುವವಳು. ಕರ್ತೃವೆಂದರೆ ಸ್ವತಂತ್ರನೆಂಬುದು ವೈಯಾಕರಣರ ಸಿದ್ಧಾಂತ. ಸ್ವಾತಂತ್ರ್ಯವಿಲ್ಲದವಳ ಸಮ್ಮತಿಯನ್ನು ಕೇಳುವ ಪ್ರಸಕ್ತಿಯೇ ಆ ಮಾತುಗಳೊಳಗೆ ಇಲ್ಲ. ೧೯೯೩ರ ಘೋಷಣೆಯು ಹೇಳುವ ಸ್ವಾತಂತ್ರ್ಯಹರಣವು ಭಾಷೆಯಲ್ಲಿಯೇ ಹೀಗೆ ಅಚ್ಚೊತ್ತಿದೆ.

ರಾಜಶಾಸನಗಳ ಚರಿತ್ರೆಯೂ ಇಲ್ಲಿ ವಿಚಾರಯೋಗ್ಯ. ಮೈಸೂರು ಸಂಸ್ಥಾನವು ೧೯೦೯ರಲ್ಲಿಯೇ ತನ್ನ ಮುಜರಾಯಿ ದೇವಾಲಯಗಳಲ್ಲಿ ಹೆಣ್ಣನ್ನು ಅರ್ಪಿಸುವುದನ್ನು ನಿಲ್ಲಿಸಿತು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿ, ಮದ್ರಾಸು ಪ್ರಾಂತದಲ್ಲಿ ೧೯೪೭ರಲ್ಲಿ ಶಾಸನಗಳಾದವು. ಕೊಪ್ಪಳ ಸೀಮೆಯಾದರೋ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಾಗಿತ್ತು. ಹೊಳೆಯ ಆಚೆ ದಡದ ಹೊಸಪೇಟೆ ಮದ್ರಾಸಿಗೆ ಸೇರಿದ್ದು, ಈಚೆ ದಡದ ಹುಲಿಗಿ, ಗಿಣಿಗೇರಾಗಳು ಹೈದರಾಬಾದಿಗೆ ಸೇರಿದ್ದುವು. ಒಂದೇ ಭಾಷೆ, ಒಂದೇ ದೇವಿ, ಒಂದೇ ಜಾತ್ರೆ. ಆದರೆ ಬಾಲಿಕೆಗೆ ರಕ್ಷಣೆಯುಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುತ್ತಿದ್ದುದು ಹೊಳೆ. ಹಕ್ಕು ಹುಟ್ಟಿನಿಂದ ಬರತಕ್ಕದ್ದು, ಎಲ್ಲೆಕಟ್ಟಿನಿಂದಲ್ಲವೆಂಬ ಅಂತರರಾಷ್ಟ್ರೀಯ ತತ್ತ್ವದ ಬೆಲೆಯು ಈ ಹೊಳೆಯ ದಡದಲ್ಲಿ ನಿಂತು ನೋಡಿದವರಿಗೆ ಚೆನ್ನಾಗಿ ತಿಳಿಯುವುದು.

ಏಕೀಕರಣದ ತರುವಾಯ ಇಡಿಯ ರಾಜ್ಯಕ್ಕೆ ಅನ್ವಯಿಸುವ ದೇವದಾಸೀ ಸಮರ್ಪಣನಿಷೇಧದ ಶಾಸನವು ೧೯೮೨ರಲ್ಲಿ ಅಂಗೀಕೃತವಾಗಿ ೧೯೮೪ರಲ್ಲಿ ಜಾರಿಗೆ ಬಂದಿತು. ಸಮರ್ಪಣಕ್ರಿಯೆಯನ್ನು ನಡೆಸಿದವನನ್ನು ಮಾತ್ರವಲ್ಲದೆ ನಡೆಯಗೊಟ್ಟವನನ್ನೂ, ಭಾಗವಹಿಸಿದವನನ್ನೂ, ಪ್ರೇರಿಸಿದವನನ್ನೂ ಅದು ಅಪರಾಧಿಯೆಂದು ಎಣಿಸಿತು. ಸಾಮಾನ್ಯರಿಗೆ ಮೂರು ವರ್ಷದವರೆಗಿನ ಸೆರೆಯಾದರೆ, ತಂದೆತಾಯಿ, ಪೋಷಕ, ಬಂಧುಗಳಿಗೆ ಎರಡು ವರ್ಷಕ್ಕೆ ಕಡಮೆಯಿಲ್ಲದೆ ಐದು ವರ್ಷದವರೆಗೆ ವಿಧಿಸಿತು. ೨೦೧೬ರಲ್ಲಿ ಜಾರಿಗೆ ಬಂದ ಪರಿಶಿಷ್ಟ ಜಾತಿಪಂಗಡಗಳ ರಕ್ಷಣೆಯ ಕೇಂದ್ರಶಾಸನದ ತಿದ್ದುಪಡಿಯು, ಆ ಜಾತಿಪಂಗಡಗಳಿಗೆ ಸೇರದವರು ಅವರ ಹೆಣ್ಣನ್ನು ದೇವದಾಸಿಯಾಗಿ ಅರ್ಪಿಸುವುದು, ಅದಕ್ಕೆ ಪ್ರೋತ್ಸಾಹ ಕೊಡುವುದು, ಅನುಮತಿಸುವುದು ಎಂಬ ಮೂರನ್ನೂ ಬಿಡಿಬಿಡಿಯಾಗಿ ಎಣಿಸಿದೆ. ಶಾಸನಕರ್ತರು ಪತಂಜಲಿಯನ್ನು ನೋಡಿ ಬರೆದರೆಂದು ನಾವು ಹೇಳುವುದಿಲ್ಲ. ವಸ್ತುಸ್ಥಿತಿಯನ್ನು ಸರಿಯಾಗಿ ಕಂಡವರೆಲ್ಲರೂ ಕೃತ, ಕಾರಿತ, ಅನುಮೋದಿತಗಳಿಗೇ ಬಂದು ಸೇರುತ್ತಾರೆಂಬುದಷ್ಟೇ ನಮ್ಮ ಅಭಿಪ್ರಾಯ. ೨೦೨೫ರಲ್ಲಿ ರಾಜ್ಯದ ಶಾಸಕಾಂಗವು ನಿಷೇಧದೊಡನೆ ಪರಿಹಾರ, ಪುನರ್ವಸತಿಗಳನ್ನೂ ಕೂಡಿಸಿದ ಹೊಸ ಮಸೂದೆಯನ್ನು ಅಂಗೀಕರಿಸಿತು.

ಭಾರತವು ಮೇಲೆ ಹೇಳಿದ ೧೯೭೯ರ ಒಡಂಬಡಿಕೆಯನ್ನು ೧೯೯೩ರ ಜುಲೈ ೯ರಂದು ಸ್ಥಿರೀಕರಿಸಿತು. ಆದರೆ ರೂಢಿಗಳ ಮಾರ್ಪಾಟು, ವಿವಾಹ ಇವುಗಳಿಗೆ ಸಂಬಂಧಪಟ್ಟ ವಿಧಿಗಳ ವಿಷಯದಲ್ಲಿ, ಯಾವ ಸಮುದಾಯದ ವೈಯಕ್ತಿಕ ವ್ಯವಹಾರದಲ್ಲಿಯೂ ಆ ಸಮುದಾಯದ ಉಪಕ್ರಮ, ಸಮ್ಮತಿಗಳಿಲ್ಲದೆ ಕೈಹಾಕುವುದಿಲ್ಲವೆಂಬ ತನ್ನ ನೀತಿಗೆ ಅನುಗುಣವಾಗಿ ನಡೆಯುವುದಾಗಿ ಹೇಳಿಕೆಯನ್ನು ಸೇರಿಸಿತು. ಸಮುದಾಯದ ಸಮ್ಮತಿಯೆಂದರೆ ಯಾರ ಸಮ್ಮತಿ? ಹಿರಿಯರ ಅನುಮೋದನವೇ ಸಮ್ಮತಿಯೆನಿಸಿಕೊಂಡರೆ ಬಾಲಿಕೆಯ ಮಾತಿಗೆ ಎಡೆಯೆಲ್ಲಿ? ೨೦೦೦ದಲ್ಲಿ ಒಡಂಬಡಿಕೆಯ ಸಮಿತಿಯು ಭಾರತದ ವರದಿಯನ್ನು ವಿಮರ್ಶಿಸುತ್ತ, ರೂಢಿಯ ಬಲದಿಂದ ಉಗ್ರವಾಗುವ ಹಿಂಸೆಗೆ ವರದಕ್ಷಿಣೆ, ಸತಿಗಳೊಡನೆ ದೇವದಾಸೀಪದ್ಧತಿಯನ್ನೂ ನಿದರ್ಶನವಾಗಿ ಕೊಟ್ಟಿತು. ಹೀಗೆ ನಮ್ಮ ಸೀಮೆಯ ವ್ಯಥೆಯೊಂದು ಲೋಕದ ಕಡತದಲ್ಲಿ ದಾಖಲಾಯಿತು.

೫

ಎರಡನೆಯ ಉದಾಹರಣೆ ಬಾಲ್ಯವಿವಾಹ. ಇಲ್ಲಿಯೂ ಚರಿತ್ರೆ ಸಮವಾಗಿಲ್ಲ. ಮೈಸೂರಿನಲ್ಲಿ ೧೮೯೪ರಲ್ಲಿಯೇ ಎಂಟು ವರ್ಷಕ್ಕೆ ಕೆಳಗಿನ ಬಾಲಿಕೆಯ ವಿವಾಹವನ್ನು ನಿಷೇಧಿಸಿದರು. ಸಾರದಾ ಶಾಸನವೆಂದು ಪ್ರಸಿದ್ಧವಾದ ೧೯೨೯ರ ಶಾಸನವು ಹೆಣ್ಣಿಗೆ ಹದಿನಾಲ್ಕು ವರ್ಷವನ್ನು ಗೊತ್ತುಪಡಿಸಿತಾದರೂ ಅದರ ವ್ಯಾಪ್ತಿ ಬ್ರಿಟಿಷ್ ಭಾರತಕ್ಕೆ ಮಾತ್ರ. ೧೯೪೯ರಲ್ಲಿ ಹದಿನೈದು, ೧೯೭೮ರಲ್ಲಿ ಹದಿನೆಂಟು ಎಂದು ವಯೋಮಿತಿ ಏರಿತು. ೨೦೦೬ರ ಶಾಸನದ ಪ್ರಕಾರ ಬಾಲ್ಯವಿವಾಹವು ಸಾಮಾನ್ಯವಾಗಿ ಬಾಲ್ಯದಲ್ಲಿ ವಿವಾಹವಾದವರು ಕೋರಿದರೆ ಮಾತ್ರ ರದ್ದಾಗತಕ್ಕದ್ದು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯು ೨೦೧೧ರಲ್ಲಿ ವರದಿ ಕೊಟ್ಟ ತರುವಾಯ ಕರ್ನಾಟಕವು ಈ ಶಾಸನವನ್ನು ತಿದ್ದಿತು. ೨೦೧೭ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, ಅಂದಿನಿಂದ ಇಲ್ಲಿ ನಡೆಯುವ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಅದೇ ವರ್ಷದ ಅಕ್ಟೋಬರ್ ೧೧ರಂದು, ಎಂದರೆ ಅಂತರರಾಷ್ಟ್ರೀಯ ಬಾಲಿಕಾ ದಿನದಂದೇ, ಹದಿನೆಂಟು ತುಂಬದ ಪತ್ನಿಯೊಡನೆಯ ಸಂಗವೂ ಅತ್ಯಾಚಾರವೇ ಎಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಈ ಮಾರ್ಗವನ್ನು ಇತರ ರಾಜ್ಯಗಳೂ ಅನುಸರಿಸಲೆಂದು ಹೇಳಿತು.

ಆ ನ್ಯಾಯಾಲಯವು ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ದೇಶದ ನ್ಯಾಯಕ್ಕೆ ಜೋಡಿಸಿದ ಪ್ರಸಿದ್ಧ ನಿರ್ಣಯವಾದ ೧೯೯೭ರ ವಿಶಾಖಾ ಪ್ರಕರಣಕ್ಕೂ ಬಾಲ್ಯವಿವಾಹಕ್ಕೂ ನಂಟುಂಟು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಗ್ರಾಮಸೇವಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರವೇ ಅದಕ್ಕೆ ಮೂಲ. ಒಂದು ಹಿಂಸೆಯನ್ನು ತಡೆಯಹೋದವಳಿಗೆ ಇನ್ನೊಂದು ಹಿಂಸೆ ಎದುರಾಯಿತು.

೨೦೦೬ರ ಶಾಸನವು ವಿವಾಹವನ್ನು ನೆರವೇರಿಸಿದವನಿಗೂ, ನಡೆಸಲು ನಿರ್ದೇಶಿಸಿದವನಿಗೂ ಶಿಕ್ಷೆ ಹೇಳಿದೆ. ತಡೆಯದೆ ಅಲಕ್ಷ್ಯಮಾಡಿದ ಪೋಷಕರನ್ನೂ, ಅಂಥ ವಿವಾಹದಲ್ಲಿ ಹಾಜರಿದ್ದು ಭಾಗವಹಿಸುವುದನ್ನೂ ಬಿಟ್ಟಿಲ್ಲ. ಜೈನರು ಹೇಳಿದ ಪ್ರಮಾದವೂ, ಪತಂಜಲಿ ಹೇಳಿದ ಅನುಮೋದನವೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮಂತ್ರವನ್ನು ಹೇಳುವ ಪುರೋಹಿತನು ಕೃತಕ್ಕೆ ಸೇರಿದವನು. ಅಕ್ಷತೆಯನ್ನು ಹಾಕುವ ನಾವು ಅನುಮೋದಿತಕ್ಕೆ ಸೇರಿದವರು. ಅಕ್ಷತೆಯೆಂದರೆ ಕ್ಷತಿಯಿಲ್ಲದ್ದು, ಅದನ್ನು ಕ್ಷತಿಗೆ ಸಾಕ್ಷಿಯಾಗಿ ಬಳಸುವುದು ಶಬ್ದಕ್ಕೂ ಅಪಚಾರ, ಬಾಲಿಕೆಗೂ ಅಪಚಾರ.

೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೨೧ ಮಂದಿ ಹದಿನೆಂಟು ತುಂಬುವ ಮೊದಲೇ ವಿವಾಹವಾದವರು. ಅವರಲ್ಲಿ ಬಹುಮಂದಿಯ ವಿವಾಹ ತಿದ್ದುಪಡಿಗಿಂತ ಹಿಂದೆಯೇ ಆಗಿರಬೇಕಾದ್ದರಿಂದ ಈ ಸಂಖ್ಯೆಯಿಂದ ಹೊಸ ಶಾಸನದ ಫಲವನ್ನು ಅಳೆಯುವುದು ಯುಕ್ತವಲ್ಲ. ಆದರೂ ಐದರಲ್ಲಿ ಒಬ್ಬಳೆಂಬುದು ಸಣ್ಣ ಮಾತಲ್ಲ.

೬

ಇನ್ನು ಆಕ್ಷೇಪಗಳನ್ನು ಪರಿಶೀಲಿಸೋಣ. ದೇವಾಲಯದ ಸ್ತ್ರೀಯರಿಗೆ ನಮ್ಮ ಶಿಲಾಶಾಸನಗಳಲ್ಲಿ ಗೌರವವಿತ್ತು, ಅವರು ದಾನಿಗಳೂ ಆಗಿದ್ದರು ಎಂಬುದು ಒಂದು. ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯ ದಾನಶಾಸನವುಂಟು. ಪಾತ್ರದವರಿಗೂ ದೇವರ ಸೂಳೆಯರಿಗೂ ವೃತ್ತಿ ಬಿಟ್ಟ ಶಾಸನಗಳು ಅನೇಕ. ಇದು ನಿಜ. ಆದರೆ ಶಾಸನವು ಏನನ್ನು ಕೊಟ್ಟರೆಂಬುದನ್ನು ಹೇಳುತ್ತದೆಯೇ ಹೊರತು ಆಕೆಯು ಬಾಲ್ಯದಲ್ಲಿ ಅದನ್ನು ಕೇಳಿದ್ದಳೇ ಎಂಬುದನ್ನು ಹೇಳುವುದಿಲ್ಲ. ಅಲ್ಲದೆ ಭೂಮಿಯನ್ನೂ ಕಲೆಯನ್ನೂ ಪಡೆದ ಅಂದಿನ ಪಾತ್ರದವರ ಸ್ಥಿತಿಯನ್ನು, ಎರಡನ್ನೂ ಪಡೆಯದೆ ಹರಕೆಯ ಹೆಸರಿನಲ್ಲಿ ಬಿಡಲ್ಪಟ್ಟ ಈಚಿನ ಬಡ ಬಾಲಿಕೆಯ ಸ್ಥಿತಿಗೆ ಸಮರ್ಥನೆಯಾಗಿ ತರುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಶಾಸ್ತ್ರವೇ ಬಾಲ್ಯವಿವಾಹವನ್ನು ವಿಧಿಸಿದೆಯಲ್ಲವೆ ಎಂಬುದು ಎರಡನೆಯದು. ಋತುಕಾಲಕ್ಕೆ ಮುನ್ನ ಕನ್ಯೆಯನ್ನು ಕೊಡದ ತಂದೆಗೆ ಭ್ರೂಣಹತ್ಯೆಯ ದೋಷವನ್ನು ಯಾಜ್ಞವಲ್ಕ್ಯಾದಿಗಳು ಹೇಳಿರುವುದು ಸತ್ಯ. ಅದನ್ನು ಮುಚ್ಚಿಡುವುದು ಪಾಂ​ಡಿತ್ಯವಲ್ಲ. ಆದರೆ ಗುಣಹೀನನಿಗೆ ಕೊಡುವುದಕ್ಕಿಂತ ಮಗಳು ಸಾಯುವವರೆಗೆ ತೌರಿನಲ್ಲಿರುವುದೇ ಲೇಸೆಂದು ಮನುವೇ ಹೇಳಿರುವನು; ಗೃಹ್ಯಸೂತ್ರಗಳ ಚತುರ್ಥೀಕರ್ಮವು ಪ್ರೌಢವಧುವನ್ನೇ ಅಪೇಕ್ಷಿಸುತ್ತದೆ. ಶಾಸ್ತ್ರದಲ್ಲಿ ಎರಡು ದನಿಗಳಿರುವಾಗ ಒಂದನ್ನೇ ಆರಿಸಿಕೊಂಡವರು ನಾವು. ಆಯ್ಕೆ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ.

ಹಾಗೆಂದು ಘೋಷಣೆಯಲ್ಲಿರುವುದೆಲ್ಲ ನಮ್ಮ ಶಾಸ್ತ್ರದಲ್ಲಿಯೇ ಇದೆಯೆಂದು ಹಿಗ್ಗುವುದೂ ಸರಿಯಲ್ಲ. ಇವೆರಡಕ್ಕೂ ಮುಖ್ಯವಾದ ಭೇದವೊಂದುಂಟು. ಶಾಸ್ತ್ರದ ಪ್ರಶ್ನೆ, ಪಾಪವು ಯಾರಿಗೆ ತಟ್ಟಿತು ಎಂಬುದು. ಘೋಷಣೆಯ ಪ್ರಶ್ನೆ, ಹಕ್ಕು ಯಾರದು ಕಳೆಯಿತು ಎಂಬುದು. ಮೊದಲನೆಯದರ ದೃಷ್ಟಿ ಮಾಡುವವನ ಮೇಲೆ, ಎರಡನೆಯದರ ದೃಷ್ಟಿ ಅನುಭವಿಸುವವಳ ಮೇಲೆ. ಪಾಪಕ್ಕೆ ಪ್ರಾಯಶ್ಚಿತ್ತವನ್ನು ಮಾಡಿಕೊಂಡವನು ಶುದ್ಧನಾಗಬಹುದು. ಅದರಿಂದ ಬಾಲಿಕೆಯ ಶಾಲೆಯ ದಿನಗಳು ಮರಳಿ ಬರುವುದಿಲ್ಲ. ಈ ಎರಡನೆಯ ದೃಷ್ಟಿಯನ್ನು ನಾವು ಲೋಕದಿಂದ ಕಲಿಯಬೇಕು. ಅನುಮೋದನವೂ ಹಿಂಸೆಯೇ ಎಂಬ ಎಚ್ಚರವನ್ನಾದರೋ ನಮ್ಮಲ್ಲಿಂದಲೇ ತೆಗೆದುಕೊಳ್ಳಬಹುದು.

೭

ಇಷ್ಟರಿಂದ ಏರ್ಪಡುವುದೇನೆಂದರೆ: ನಿವಾರಣೆಯೆಂಬುದು ದಂಡನೆಗಿಂತ ಮುಂಚಿನ ಕಾರ್ಯ. ದಂಡನೆಗೆ ಕೃತವು ಸಾಕು. ನಿವಾರಣೆಗೆ ಕಾರಿತವನ್ನೂ ಅನುಮೋದಿತವನ್ನೂ ಹಿಡಿಯಬೇಕು. ಲೋಭದಿಂದ ಮಾಡಿಸುವವನಿಗೆ ಶಾಸನದ ಭಯವನ್ನೂ, ಮೋಹದಿಂದ ಮಾಡುವ ಬಡ ತಂದೆತಾಯಿಗಳಿಗೆ ಅನ್ನವನ್ನೂ ತಿಳಿವಳಿಕೆಯನ್ನೂ, ಅನುಮೋದಿಸುವ ಸಜ್ಜನರಿಗೆ ಮಾತನಾಡುವ ಧೈರ್ಯವನ್ನೂ ಒದಗಿಸಬೇಕು. ಒಂದೇ ಔಷಧ ಮೂವರಿಗೂ ಸಲ್ಲದು.

ಸಾಹಿತ್ಯದ ಅಧ್ಯಾಪಕರಿಗೆ ಇಲ್ಲಿ ಎರಡು ಕೆಲಸಗಳಿವೆ. 'ದೌರ್ಜನ್ಯ'ವೆಂಬ ಪದವು ಬಳಕೆಯಲ್ಲಿ ಬೇರೂರಿರುವುದರಿಂದ ಅದನ್ನು ಕಿತ್ತುಹಾಕುವುದು ಸಾಧ್ಯವಲ್ಲ. ಆದರೆ ಪಾಠದಲ್ಲಿ ಆ ಮಾತು ಬಂದಾಗ ಅದು ದುರ್ಜನನಿಗೆ ಮಾತ್ರ ಮೀಸಲಲ್ಲವೆಂದು ಹೇಳಿ, ಹಿಂಸೆಯ ಮೂರು ಬಗೆಗಳನ್ನು ವಿವರಿಸುವುದು ಒಂದನೆಯದು. ತರಗತಿಯಲ್ಲಿ ಹಾಜರಿ ಕರೆಯುವಾಗ ಬಾಲಿಕೆಯೊಬ್ಬಳ ಹೆಸರಿಗೆ ಕೆಲವು ದಿನ ಉತ್ತರ ಬಾರದಿದ್ದರೆ ಕಾರಣವನ್ನು ವಿಚಾರಿಸುವುದು ಎರಡನೆಯದು. ಮಕ್ಕಳ ರಕ್ಷಣೆಗೆ ೧೦೯೮, ಸ್ತ್ರೀಯರ ರಕ್ಷಣೆಗೆ ೧೮೧ ಎಂಬ ದೂರವಾಣಿ ಸಂಖ್ಯೆಗಳಿವೆ. ಗ್ರಾಮಪಂಚಾಯತಿಯಿದೆ, ಪೊಲೀಸು ಠಾಣೆಯಿದೆ. ನ್ಯೂಯಾರ್ಕಿನ ಮಹಾಸಭೆಯಲ್ಲಿ ಅಂಗೀಕೃತವಾದ ಘೋಷಣೆಯು ಗಿಣಿಗೇರಾದಂಥ ಊರಿನ ಬಾಲಿಕೆಯನ್ನು ತಲಪಬೇಕಾದರೆ ಅದು ಸಾಗಿಬರುವ ಕೊನೆಯ ಹಾದಿ ಆ ಹಾಜರಿಪುಸ್ತಕವೇ. ಉತ್ತರ ಬಾರದ ಹೆಸರನ್ನು ದಾಟಿ ಮುಂದಿನ ಹೆಸರನ್ನು ಕರೆಯುವುದೂ ಅನುಮೋದನವೇ ಎಂಬುದನ್ನು ವಿದ್ವಜ್ಜನರು ಮನಗಾಣತಕ್ಕದ್ದು.